ಎಡಗೈ ಎತ್ತಿದವಳು

ರೊಟ್ಟಿ ಅಂಗಡಿಯ ಸಾಲಿನಲ್ಲಿ ತಾನು ಆರನೆಯವಳು ಎಂದು ಸಾಯ್ರಾಗುಲ್ ಎಣಿಸಿ ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಜಿಪಾರ್ ಅವಳನ್ನು ಕಂಡುಬಿಟ್ಟಳು. "ಎಜೆಯ್, ನೀವ್ಯಾಕೆ ಅಲ್ಲಿ ನಿಂತ್ಕೊಂಡಿದ್ದೀರಿ, ಮುಂದೆ ಬನ್ನಿ," ಎಂದು ಕಟ್ಟೆಯ ಹಿಂದಿನಿಂದ ಕರೆದಳು. ಮುಂದಿದ್ದ ಐದೂ ಜನ ಪಕ್ಕಕ್ಕೆ ಸರಿದರು. ಅವರಲ್ಲಿ ನಾಲ್ವರಿಗೆ ಅಕ್ಷರ ತಿದ್ದಿಸಿದವಳು ಅವಳೇ. ಐದನೆಯವನು ಹೊರಗಿನಿಂದ ಬಂದ ಅಳಿಯ, ಉಳಿದವರನ್ನು ನೋಡಿ ಅವನೂ ಸರಿದ. ಊರಿಗೆ ಊರೇ ಅವಳನ್ನು ಎಜೆಯ್ ಎನ್ನುತ್ತದೆ, ಟೀಚರಮ್ಮ ಎಂಬ ಅರ್ಥದಲ್ಲೂ ಅಕ್ಕ ಎಂಬ ಅರ್ಥದಲ್ಲೂ. ಈ ಮರ್ಯಾದೆ ಬೇರೆ ಯಾರಿಂದ ಬಂದರೂ ಅವಳಿಗೆ ಹಿತವೇ. ಹಿತವಲ್ಲ ಎಂದು ಸುಳ್ಳು ಹೇಳುವ ಹೆಂಗಸಲ್ಲ ಅವಳು. ಜಿಪಾರಳಿಂದ ಬಂದಾಗ ಮಾತ್ರ ಅದು ಅವಳಿಗೆ ಬೇಡವಾಗುತ್ತದೆ. ಇಪ್ಪತ್ತೆರಡು ವರ್ಷಗಳಲ್ಲಿ ಜಿಪಾರ್ ಅವಳೆದುರು ಒಮ್ಮೆಯೂ ಮುಖ ಗಂಟಿಕ್ಕಿದವಳಲ್ಲ. ಹಬ್ಬದ ದಿನ ಹಿಟ್ಟಿನ ತುಂಡುಗಳನ್ನು ಕರಿದ ಬೋರ್ಸೋಕಿನ ಮೊದಲ ತಟ್ಟೆ ಬರುವುದು ಸಾಯ್ರಾಗುಲಳ ಮನೆಗೇ. ಒಂದು ಸಲ, ಒಂದೇ ಒಂದು ಸಲ, ರೊಟ್ಟಿ ಮುಗಿದುಹೋಯಿತು ಎಂದು ಹೇಳಿ ಇವಳು ನನ್ನನ್ನು ಬರಿಗೈಯಲ್ಲಿ ಕಳಿಸಬಾರದೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಜಿಪಾರ್ ಹಿಂದಿನ ಒಲೆಯಿಂದ ಆಗಷ್ಟೇ ತೆಗೆದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕೈಗಿತ್ತಳು. ಕೊಡುತ್ತಾ, ದನಿ ತಗ್ಗಿಸಿ, ಮಗಳು ಬೆರ್ಮೆತ್ ಬೆಳಗಿನಿಂದ ಹೊಟ್ಟೆನೋವು ಅನ್ನುತ್ತಿದ್ದಾಳೆ, ಇವತ್ತು ಪಾಠ ನೋಡಲು ಆಯೋಗ ಬೇರೆ ಬರುತ್ತದಂತೆ, ಶಾಲೆಗೆ ಕಳಿಸಲೋ ಬೇಡವೋ ಎಂದು ಕೇಳಿದಳು. ಸಾಯ್ರಾಗುಲ್ ಯೋಚಿಸಲೇ ಇಲ್ಲ. "ಕಳಿಸು. ಖಾಲಿ ಸ್ಟೂಲು ಚೆನ್ನಾಗಿ ಕಾಣಲ್ಲ. ಅವಳೇನೂ ಮಾತಾಡ್ಬೇಕಾಗಿಲ್ಲ, ಸುಮ್ನೆ ಕೈ ಎತ್ತಿದ್ರೆ ಸಾಕು," ಎಂದಳು. ಜಿಪಾರ್ ತಲೆಯಾಡಿಸಿದಳು. ಅವಳು ಯಾವತ್ತೂ ತಲೆಯಾಡಿಸುವವಳೇ.

ಬಿಸಿ ರೊಟ್ಟಿಯನ್ನು ಎದೆಗವಚಿಕೊಂಡು ಶಾಲೆಯ ದಾರಿ ಹಿಡಿದಾಗ ಆ ಮಾತು ಅವಳ ಕಿವಿಗೆ ತಿರುಗಿ ಬಂತು: ಸುಮ್ನೆ ಕೈ ಎತ್ತಿದ್ರೆ ಸಾಕು. ಎಡಗೈ ಎಂದು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಆಯೋಗದವರ ಮುಂದೆ ನಡೆಸುವ ತೆರೆದ ಪಾಠದ ಗುಟ್ಟು ಅದು, ಈ ನಾಡಿನ ಮೇಷ್ಟರುಗಳಿಗೆಲ್ಲ ಗೊತ್ತಿರುವ, ಯಾರೂ ಎಲ್ಲೂ ಬರೆದಿಡದ ಗುಟ್ಟು. ಪ್ರಶ್ನೆ ಕೇಳಿದ ತಕ್ಷಣ ಇಡೀ ತರಗತಿ ಕೈ ಎತ್ತಬೇಕು. ಒಂದು ಕೈಯೂ ಕೆಳಗಿರಬಾರದು. ಉತ್ತರ ಬಾಯಿಪಾಠವಾಗಿರುವವರದು ಬಲಗೈ, ಆಗದವರದು ಎಡಗೈ. ಟೀಚರು ಬಲಗೈಯವರನ್ನು ಮಾತ್ರ ಎಬ್ಬಿಸುತ್ತಾಳೆ. ನೋಡಿದವರು ಆಹಾ ಎನ್ನುತ್ತಾರೆ, ಕಡತದಲ್ಲಿ ಹೊಗಳಿ ಬರೆಯುತ್ತಾರೆ, ಆಮೇಲೆ ಊಟಕ್ಕೆ ಹೋಗುತ್ತಾರೆ. ಅವಳಿಗೆ ಇದನ್ನು ಹೇಳಿಕೊಟ್ಟಿದ್ದು ಶಿಕ್ಷಕರ ಕಾಲೇಜಿನ ತೆಮಿರ್‌ಕುಲ್ ಅಗಾಯ್. ಗಂಡು ಮೇಷ್ಟರನ್ನು ಅಲ್ಲಿ ಅಗಾಯ್ ಎನ್ನುತ್ತಾರೆ. ಅವಳಿಗಾಗ ಹದಿನೆಂಟು. ಆತ ಆಗ ಹರೆಯದ ಮೇಷ್ಟರು, ಕಣ್ಣು ಮಿಟುಕಿಸಿ ಹೇಳಿದ್ದರು. ಈಗ ಅದೇ ತೆಮಿರ್‌ಕುಲ್ ಅಗಾಯ್ ರಾಜಧಾನಿಯಿಂದ ಬರುವ ಆಯೋಗದ ಅಧ್ಯಕ್ಷರು. ಮೂವತ್ತಾರು ವರ್ಷಗಳಲ್ಲಿ ಅವಳು ಇಪ್ಪತ್ತಕ್ಕೂ ಹೆಚ್ಚು ತೆರೆದ ಪಾಠ ಕೊಟ್ಟಿದ್ದಳು. ಗಣಿತ, ಮಾತೃಭಾಷೆ, ಪ್ರಕೃತಿ ಪಾಠ, ಒಂದರಲ್ಲೂ ಒಂದು ಕೈಯೂ ತಪ್ಪಿರಲಿಲ್ಲ. ಹೆಮ್ಮೆಪಟ್ಟುಕೊಳ್ಳುತ್ತಿದ್ದಳು. ಆದರೆ ಅವೆಲ್ಲ ಗುಣಾಕಾರದ ಮಗ್ಗಿ, ಹಕ್ಕಿಗಳ ಹೆಸರು. ಇವತ್ತಿನ ಶುಕ್ರವಾರದ ಗಂಟೆ ಬೇರೆ. ಇವತ್ತು ಮಕ್ಕಳು ಎದ್ದುನಿಂತು ತಮ್ಮ ಮನಸ್ಸಿನಲ್ಲಿರುವುದನ್ನು ಹೇಳಬೇಕು, ಮತ್ತು ಆ ಮನಸ್ಸಿನಲ್ಲಿರುವುದನ್ನು ಎರಡು ವಾರ ಕೂತು ಬಾಯಿಪಾಠ ಮಾಡಿಸಿದವಳು ಅವಳೇ. ಬೆರ್ಮೆತ್‌ಗೂ ಒಂದು ವಾಕ್ಯ ಕೊಟ್ಟಿದ್ದಳು: ಗೆಳತಿಯರು ನನ್ನನ್ನು ಆಟಕ್ಕೆ ಸೇರಿಸಿಕೊಳ್ಳದಿದ್ದಾಗ ನನಗೆ ಬೇಸರವಾಗುತ್ತದೆ, ಆಗ ನಾನು ಹತ್ತರವರೆಗೆ ಎಣಿಸುತ್ತೇನೆ. ಮೂರು ಸಲ ಹುಡುಗಿ ಬೇಸರ ಎಂಬಲ್ಲಿಗೆ ಬಂದು ತಡವರಿಸಿದಳು. ನಾಲ್ಕನೆಯ ಸಲಕ್ಕೆ ಸಾಯ್ರಾಗುಲ್ ಅವಳನ್ನು ಎಡಗೈಗೆ ಹಾಕಿದಳು.

ಶುಕ್ರವಾರದ ಆ ಗಂಟೆ ಹುಟ್ಟಿದ್ದು ಹೀಗಲ್ಲ. ಮೂರು ವರ್ಷದ ಹಿಂದೆ, ಈಗಿನ ಮಕ್ಕಳೇ ಒಂದನೆಯ ತರಗತಿಗೆ ಬಂದಾಗ, ಅವಳ ತರಗತಿಯ ಇಪ್ಪತ್ತಾರು ಮಕ್ಕಳಲ್ಲಿ ಒಂಬತ್ತು ಮಕ್ಕಳ ತಾಯಿಯೋ ತಂದೆಯೋ ರಷ್ಯಾದ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದರು, ನೆಲ ಒರೆಸುತ್ತಿದ್ದರು. ಮಕ್ಕಳು ಅಜ್ಜಿಯರ ಬಳಿ. ಮಕ್ಕಳು ಏಕೆ ಜಗಳವಾಡುತ್ತಾರೆ, ಏಕೆ ಪೆನ್ಸಿಲ್ ಕಚ್ಚುತ್ತಾರೆ, ಏಕೆ ಏನು ಕೇಳಿದರೂ ಗೋಡೆ ನೋಡುತ್ತಾರೆ ಎಂದು ಅವಳು ಯಾರನ್ನು ಕೇಳಬೇಕು? ಒಂದು ಶುಕ್ರವಾರ ಮೇಜುಗಳನ್ನು ಗೋಡೆಗೆ ತಳ್ಳಿಸಿ, ಸ್ಟೂಲುಗಳನ್ನು ದುಂಡಗೆ ಹಾಕಿಸಿ, ಬಾಗಿಲು ಹಾಕಿ, ತಾನೂ ಒಂದು ಸ್ಟೂಲಿನ ಮೇಲೆ ಕೂತು, ಇವತ್ತು ಪಾಠ ಇಲ್ಲ, ಅಂಕ ಇಲ್ಲ, ಹೇಳುವವರು ಹೇಳಬಹುದು, ಸುಮ್ಮನಿರುವವರು ಸುಮ್ಮನಿರಬಹುದು ಎಂದಳು. ಮೊದಲ ಮೂರು ವಾರ ಯಾರೂ ಬಾಯಿಬಿಡಲಿಲ್ಲ. ನಾಲ್ಕನೆಯ ವಾರ ಅದಿಲೆತ್ ಎಂಬ ಹುಡುಗ, ಅಮ್ಮ ಫೋನಿನಲ್ಲಿ ನಗುವಾಗ ನನಗೆ ಸಿಟ್ಟು ಬರುತ್ತದೆ, ಅಷ್ಟು ದೂರದಲ್ಲಿದ್ದು ಹೇಗೆ ನಗುತ್ತಾಳೆ ಎಂದ. ಆವತ್ತಿನಿಂದ ಶುಕ್ರವಾರ ಶುರುವಾಯಿತು. ಹೊಡೆದಾಟ ಕಡಿಮೆಯಾದದ್ದು, ಓದು ಸುಧಾರಿಸಿದ್ದು ಎಲ್ಲ ಆಮೇಲಿನದು. ಮಕ್ಕಳು ಶುಕ್ರವಾರ ಜ್ವರ ಬಂದರೂ ತಪ್ಪಿಸಿಕೊಳ್ಳುತ್ತಿರಲಿಲ್ಲ ಎಂಬುದೇ ಅವಳ ಹೆಮ್ಮೆ. ಸ್ಟಾಫ್ ರೂಮಿನಲ್ಲಿ ಇದಕ್ಕೆ ಅಳುವ ಪೀರಿಯಡ್ ಎಂದು ಹೆಸರಿಟ್ಟರು. ಸಾಯ್ರಾಗುಲ್ ಎಜೆಯ್‌ಗೆ ವಯಸ್ಸಾಯಿತು, ಇನ್ನು ಕೆಲವೇ ವರ್ಷಕ್ಕೆ ಪಿಂಚಣಿ, ಅದಕ್ಕೆ ಈ ಆಟ ಎಂದರು. ಅವಳು ಸೋಲುವವಳಲ್ಲ. ಸೆಮಿನಾರಿನಿಂದ ಸೆಮಿನಾರಿಗೆ ಬಸ್ಸಿನಲ್ಲಿ ಅಲೆದು, ಜಿಲ್ಲೆಯ ನಲವತ್ತೊಂದು ಶಾಲೆಗಳಲ್ಲಿ ಹನ್ನೆರಡಕ್ಕೆ ಈ ಗಂಟೆಯನ್ನು ಹೊತ್ತುಕೊಂಡು ಹೋದಳು. ಆದರೆ ವೇಳಾಪಟ್ಟಿಯಲ್ಲಿ ಇಲ್ಲದ ಗಂಟೆಗೆ ಯಾವ ಮರ್ಯಾದೆ? ಹೆಡ್‌ಮಾಸ್ಟರುಗಳು ಅದನ್ನು ಗಣಿತಕ್ಕೆ ಕೊಟ್ಟರು, ಮೆರವಣಿಗೆಯ ಅಭ್ಯಾಸಕ್ಕೆ ಕೊಟ್ಟರು. ಎಲ್ಲ ಶಾಲೆಗಳಲ್ಲೂ ಅದು ಖಾಯಂ ಆಗಬೇಕಾದರೆ ಆಯೋಗ ಬರೆದುಕೊಡಬೇಕು. ಬರೆಯಬೇಕಾದರೆ ಆಯೋಗ ನೋಡಬೇಕು. ನೋಡಬೇಕಾದರೆ ತೆರೆದ ಪಾಠ ಕೊಡಬೇಕು. ಆಯೋಗ ಬರುತ್ತದೆಂಬ ಕಾಗದ ಬಂದ ದಿನ ಅವಳಿಗೆ ಒಂದೇ ಯೋಚನೆ. ಆಯೋಗದವರ ಮುಂದೆ ಮಕ್ಕಳು ಮೊದಲ ಮೂರು ವಾರದ ಹಾಗೆ ಗೋಡೆ ನೋಡುತ್ತಾ ಕೂತುಬಿಟ್ಟರೆ? ಆ ಒಂದೇ ಹೆದರಿಕೆಯಲ್ಲಿ ಅವಳ ಕೈ ತನಗೆ ತಾನೇ ಹಳೆಯ ಕೆಲಸಕ್ಕೆ ಹೋಯಿತು. ವಾಕ್ಯಗಳನ್ನು ಬರೆದಳು, ಹಂಚಿದಳು, ಒಪ್ಪಿಸಿಕೊಂಡಳು. ಹಿಂದಿನ ಎರಡು ಶುಕ್ರವಾರ ಬಾಗಿಲು ಹಾಕಿದ ಕೋಣೆಯಲ್ಲಿ ಯಾರೂ ಏನನ್ನೂ ಹೇಳಿಕೊಳ್ಳಲಿಲ್ಲ. ಎಲ್ಲರೂ ಒಪ್ಪಿಸಿದರು.

ಶಾಲೆಯ ಗೇಟಿನಲ್ಲೇ ಬೇಯುತ್ತಿದ್ದ ಕುರಿಯ ವಾಸನೆ ಬಂತು. ಹೆಡ್‌ಮಾಸ್ಟರ್ ಶಾಯ್ಲೋಬೆಕ್‌ರ ಮನೆ ಶಾಲೆಯ ಪಕ್ಕದಲ್ಲೇ. ಆಯೋಗದ ಊಟಕ್ಕೆಂದು ಬೆಳಿಗ್ಗೆಯೇ ಒಲೆ ಹೊತ್ತಿಸಿದ್ದರು. ಆ ವಾಸನೆಗೆ ಅವಳಿಗೆ ಅಜ್ಜ ನೆನಪಾದ. ಅತಿಥಿಯ ಮುಂದೆ ಕುರಿಯ ತಲೆ ಇಟ್ಟಾಗ ಅಜ್ಜ ಮೊದಲು ಕಿವಿ ಕೊಯ್ದು ಅವಳನ್ನು ಕರೆಯುತ್ತಿದ್ದ: ಬಾ ಮಗೂ, ಕಿವಿ ತಿನ್ನು, ದೊಡ್ಡವರ ಮಾತು ಕೇಳುವವಳಾಗು. ಎಷ್ಟು ಕಿವಿ ತಿಂದಳೋ. ಆಮೇಲೆ ತಾನೇ ದೊಡ್ಡವಳಾದಳು, ಮಕ್ಕಳಿಗೆ ಕೇಳಿ ಕೇಳಿ ಎಂದು ಹೇಳುವುದೇ ಉದ್ಯೋಗವಾಯಿತು. ಆವರಣದಲ್ಲಿ ಸೋಮವಾರದ ಸಾಲಿಗಾಗಿ ಎಳೆದ ಸುಣ್ಣದ ಗೆರೆ ಇತ್ತು. ಅದೇ ಗೆರೆ. ಪ್ರತಿ ವರ್ಷ ಹೊಸದಾಗಿ ಎಳೆಯುತ್ತಾರೆ, ಅವಳ ಕಣ್ಣಿಗೆ ಮಾತ್ರ ಅದು ಇಪ್ಪತ್ತೆರಡು ವರ್ಷದಿಂದ ಅಳಿಸದ ಗೆರೆ. ಆ ಸೋಮವಾರ ಇಡೀ ಶಾಲೆ ಸಾಲಾಗಿ ನಿಂತಿತ್ತು, ಹುಡುಗಿಯರೆಲ್ಲರ ತಲೆಯಲ್ಲೂ ಬಿಳಿ ರಿಬ್ಬನ್ನಿನ ಹೂವು, ಒಬ್ಬಳ ಜಡೆ ಮಾತ್ರ ಬೋಳು. ಒಂಬತ್ತು ವರ್ಷದ ಜಿಪಾರ್. ಸಾಯ್ರಾಗುಲ್ ಅವಳ ತೋಳು ಹಿಡಿದು ಗೆರೆಯಿಂದ ಮುಂದಕ್ಕೆ ತಂದು, ನಾನೂರು ಮಕ್ಕಳ ಎದುರಿಗೆ ನಿಲ್ಲಿಸಿ, ಉಯಾತ್ ಎಂದಿದ್ದಳು. ಅವರ ಭಾಷೆಯಲ್ಲಿ ನಾಚಿಕೆಗೇಡು ಎನ್ನುವುದಕ್ಕೆ ಆ ಒಂದೇ ಮಾತು ಸಾಕು. ಅದರಲ್ಲಿ ಅಪ್ಪ ಅಮ್ಮನ ಮಾನ, ಊರವರ ಕಣ್ಣು, ಸತ್ತ ಹಿರಿಯರು ಎಲ್ಲ ಬಂದುಬಿಡುತ್ತಾರೆ. ನಿನ್ನಮ್ಮ ಏನು ಮಾಡುತ್ತಿದ್ದಾಳೆ ಎಂದೂ ಕೇಳಿದ್ದಳು. ಅಮ್ಮ ಅದರ ಹಿಂದಿನ ಗುರುವಾರವಷ್ಟೇ ಮಾಸ್ಕೋದ ಬಸ್ಸು ಹತ್ತಿದ್ದಳೆಂದು ಅವಳಿಗೆ ಗೊತ್ತಾದದ್ದು ಮಧ್ಯಾಹ್ನ. ಗೊತ್ತಾದ ಮೇಲೂ ಅವಳು ಏನೂ ಹೇಳಲಿಲ್ಲ. ಟೀಚರು ಮಗುವಿನ ಹತ್ತಿರ ಹೋಗಿ ತಪ್ಪಾಯಿತು ಎನ್ನುವುದುಂಟೇ, ಅದೂ ಉಯಾತ್ ಅಲ್ಲವೇ? ಶುಕ್ರವಾರದ ಗಂಟೆ ನಿಜವಾಗಿ ಹುಟ್ಟಿದ್ದು ಯಾವ ಮಗುವಿನಿಂದ ಎಂದು ಸೆಮಿನಾರುಗಳಲ್ಲಿ ಕೇಳಿದಾಗಲೆಲ್ಲ ಅವಳು ಅದಿಲೆತ್‌ನ ಹೆಸರು ಹೇಳುತ್ತಿದ್ದಳು.

ಹತ್ತು ಗಂಟೆಗೆ ಆಯೋಗ ಬಂತು. ಬಿಳಿಯ ಉಣ್ಣೆ ಟೋಪಿ ಕಂಕುಳಲ್ಲಿ ಇಟ್ಟುಕೊಂಡು ತೆಮಿರ್‌ಕುಲ್ ಅಗಾಯ್, ಹಿಂದೆ ಕಡತ ಹಿಡಿದ ಇಬ್ಬರು ಹೆಂಗಸರು, ಅವರ ಹಿಂದೆ ಮದುವೆ ಮನೆಯ ಯಜಮಾನನ ಹಾಗೆ ಶಾಯ್ಲೋಬೆಕ್. ದುಂಡಗೆ ಹಾಕಿದ ಸ್ಟೂಲುಗಳ ಆಚೆ ಗೋಡೆಯ ಪಕ್ಕ ನಾಲ್ಕು ಕುರ್ಚಿ. ಇಪ್ಪತ್ತಾರು ಮಕ್ಕಳು, ಹುಡುಗಿಯರ ತಲೆಯಲ್ಲಿ ಎಲೆಕೋಸಿನಷ್ಟು ದಪ್ಪ ಬಿಳಿ ಹೂವು. ಸಾಯ್ರಾಗುಲ್ ಮೊದಲ ಪ್ರಶ್ನೆ ಕೇಳಿದಳು, ಇಪ್ಪತ್ತಾರು ಕೈಗಳು ಒಟ್ಟಿಗೆ ಮೇಲೆ ಹೋದವು. ಅಕ್‌ಮಾರಲ್ ಎದ್ದು, ತಮ್ಮ ನನ್ನ ಪುಸ್ತಕ ಹರಿದಾಗ ನನಗೆ ಸಿಟ್ಟು ಬರುತ್ತದೆ, ಆಗ ಉಸಿರು ದೀರ್ಘವಾಗಿ ಎಳೆದುಕೊಳ್ಳುತ್ತೇನೆ ಎಂದಳು. ಅವಳಿಗೆ ತಮ್ಮನೇ ಇಲ್ಲ. ಅದಿಲೆತ್ ಎದ್ದು, ಗೆಳೆಯನಿಗೆ ಬಹುಮಾನ ಬಂದಾಗ ನನಗೆ ಸಂತೋಷವಾಗುತ್ತದೆ ಎಂದ. ಅಮ್ಮ ಫೋನಿನಲ್ಲಿ ನಗುವಾಗ ಸಿಟ್ಟು ಬರುತ್ತದೆ ಎಂದ ಅದೇ ಹುಡುಗ, ಅದೇ ಬಾಯಿ, ಈಗ ದನಿ ಮಾತ್ರ ರೇಡಿಯೋದ್ದು. ಹೆಂಗಸರು ಸರಸರ ಬರೆದುಕೊಂಡರು. ಶಾಯ್ಲೋಬೆಕ್ ಮೀಸೆಯಡಿ ನಕ್ಕರು. ಎಲ್ಲ ಸುಸೂತ್ರವಾಗಿತ್ತು, ಗಡಿಯಾರದ ಹಾಗೆ ನಡೆಯುತ್ತಿತ್ತು. ಆಗ ಅವಳು ತೆಮಿರ್‌ಕುಲ್ ಅಗಾಯ್ ಕಡೆ ನೋಡಿದಳು. ಆತ ಮಕ್ಕಳ ಮುಖ ನೋಡುತ್ತಿರಲಿಲ್ಲ. ಕೈಗಳನ್ನು ನೋಡುತ್ತಿದ್ದರು. ಕಣ್ಣು ಬಲಕ್ಕೊಮ್ಮೆ ಎಡಕ್ಕೊಮ್ಮೆ ಹೋಗುತ್ತಿತ್ತು, ಮಡಿಲಿನ ಹಾಳೆಯ ನಡುವೆ ಒಂದು ಗೆರೆ ಎಳೆದು ಪೆನ್ಸಿಲ್ಲು ಆಚೆ ಈಚೆ ಚುಕ್ಕೆ ಇಡುತ್ತಿತ್ತು. ಹೇಳಿಕೊಟ್ಟವನ ಮುಂದೆಯೇ ಕದ್ದ ಹಾಗಾಯಿತು. ಐವತ್ತೇಳು ವರ್ಷದ ಅವಳ ಕಿವಿ, ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದ ಹುಡುಗಿಯ ಕಿವಿಯ ಹಾಗೆ ಬಿಸಿಯಾಯಿತು.

ಮುಂದಿನ ಪ್ರಶ್ನೆ ಬೇಸರದ್ದು. ಕೇಳಿದಳು. ಕೈಗಳು ಎದ್ದವು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಬೆರ್ಮೆತ್ ಎಡಗೈಯನ್ನು ಕಿವಿಗೆ ಅಂಟಿಸಿಕೊಂಡು ನೇರವಾಗಿ ಎತ್ತಿದ್ದಳು, ಬಲಗೈ ಹೊಟ್ಟೆಯನ್ನು ಒತ್ತಿ ಹಿಡಿದಿತ್ತು. ತಲೆಯ ಮೇಲಿನ ರಿಬ್ಬನ್ ಉಳಿದೆಲ್ಲರದಕ್ಕಿಂತ ದೊಡ್ಡದು, ಉಳಿದೆಲ್ಲರದಕ್ಕಿಂತ ಬಿಗಿ. ಜಿಪಾರ್ ಪ್ರತಿ ಬೆಳಿಗ್ಗೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೈ ತೊಳೆದುಕೊಂಡು ಬಂದು ಅದನ್ನು ಕಟ್ಟುತ್ತಾಳೆಂದು ಊರಿಗೆಲ್ಲ ಗೊತ್ತು. ಅಷ್ಟು ಬಿಗಿಯಾಗಿ ಏಕೆ ಎಂದು ಸಾಯ್ರಾಗುಲ್ ಒಬ್ಬಳಿಗೆ ಗೊತ್ತು. ಬಲಗೈ ಎತ್ತಿದ್ದ ಕುನ್ದುಜ್ ಆಗಲೇ ಅರ್ಧ ಎದ್ದಿದ್ದಳು. ಸಾಯ್ರಾಗುಲಳ ಬಾಯಿ, ತಾನು ಕೇಳದೆಯೇ, "ಬೆರ್ಮೆತ್" ಎಂದಿತು.

ಮಕ್ಕಳೆಲ್ಲ ತಿರುಗಿದರು. ಕುನ್ದುಜ್ ಎದ್ದವಳು ಹಾಗೇ ನಿಂತಳು. ಬೆರ್ಮೆತ್ ತನ್ನ ಕೈಯನ್ನು ತಾನೇ ಒಮ್ಮೆ ನೋಡಿಕೊಂಡಳು, ಎಲ್ಲಿ ತಪ್ಪಾಗಿ ಬೇರೆ ಕೈ ಎತ್ತಿಬಿಟ್ಟೆನೋ ಎಂಬಂತೆ.

"ನಾನು ಎತ್ತಿದ್ದು ಎಡಗೈ, ಎಜೆಯ್."

ಶಾಯ್ಲೋಬೆಕ್ ಕೆಮ್ಮಿದರು. ಕಡತದ ಹೆಂಗಸರಲ್ಲಿ ಒಬ್ಬಳು ಪೆನ್ನು ಎತ್ತಿ ಇನ್ನೊಬ್ಬಳ ಮುಖ ನೋಡಿದಳು. ಕೂತುಕೋ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಮಗು ಎಂದು ಎಲ್ಲರೂ ನಕ್ಕು ಬಿಡುತ್ತಿದ್ದರು, ನಲವತ್ತೊಂದು ಶಾಲೆಗಳೂ ಉಳಿಯುತ್ತಿದ್ದವು. ಅದು ಅವಳಿಗೆ ಗೊತ್ತಿತ್ತು.

"ಗೊತ್ತು ಕಣೆ. ನಿನ್ನನ್ನೇ ಕೇಳಿದ್ದು."

"ನಂಗೆ ಬೇಸರ ಇಲ್ಲ," ಎಂದಳು ಬೆರ್ಮೆತ್. "ನಂಗೆ ಹೆದರಿಕೆ. ಅದಕ್ಕೆ ಆ ವಾಕ್ಯ ಬರ್ತಾ ಇರ್ಲಿಲ್ಲ."

"ಯಾರ ಹೆದರಿಕೆ?"

"ನಿಮ್ದು."

ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೂವತ್ತಾರು ವರ್ಷ ಎದುರು ಮಾತಾಡಿದ ಪ್ರತಿ ಮಗುವಿಗೂ ಹೇಳಿದ ಮಾತು, ಅವಳಿಗಿಂತ ಮೊದಲು ಅವಳ ಟೀಚರು ಹೇಳಿದ್ದು, ಅವಳ ಅವ್ವ ಹೇಳಿದ್ದು. ಉಯಾತ್‌ನ ಉ ಎಂಬವರೆಗೆ ಬಂತು ಕೂಡ. ತುಟಿ ಮುಂದಕ್ಕೆ ಬಂದದ್ದನ್ನು ಎದುರಿಗಿದ್ದ ಅದಿಲೆತ್ ಕಂಡಿರಬೇಕು, ತಲೆ ತಗ್ಗಿಸಿದ. ಸಾಯ್ರಾಗುಲ್ ಬಾಯಿ ಮುಚ್ಚಿಕೊಂಡಳು. ತನ್ನ ಸ್ಟೂಲನ್ನು ಎಳೆದು ಬೆರ್ಮೆತ್‌ಳ ಎದುರಿಗೆ ಹಾಕಿಕೊಂಡು ಕೂತಳು, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ. ಯಾವಾಗಿನಿಂದ ಎಂದು ಕೇಳಿದಳು.

"ಎರಡು ಶುಕ್ರವಾರದಿಂದ. ಅದಕ್ಕೆ ಮುಂಚೆ ಇರ್ಲಿಲ್ಲ. ಮುಂಚೆ ನಂಗೆ ಇಡೀ ವಾರದಲ್ಲಿ ಶುಕ್ರವಾರನೇ ಇಷ್ಟ ಇತ್ತು," ಎಂದು ಹೇಳಿ ಹುಡುಗಿ ಮೂಗು ಒರೆಸಿಕೊಂಡಳು.

ವಿಚಿತ್ರವೆಂದರೆ ಅವಮಾನಕ್ಕೆ ನೆಲ ಬಾಯಿಬಿಡಲಿ ಎನ್ನಿಸಬೇಕಾಗಿದ್ದ ಆ ಗಳಿಗೆಯಲ್ಲಿ ಸಾಯ್ರಾಗುಲಳ ಎದೆಯೊಳಗೆ ಎದ್ದದ್ದು ಹೆಮ್ಮೆ. ಈ ಮಗು, ಮೂರು ಅಪರಿಚಿತ ಮುಖಗಳ ಎದುರು, ತನಗೆ ಏನಾಗುತ್ತಿದೆ ಎಂದು ಹೆಸರಿಟ್ಟು ಹೇಳಿತು. ಬೇಸರವಲ್ಲ, ಹೆದರಿಕೆ. ಯಾವಾಗಿನಿಂದ ಎಂದೂ ಹೇಳಿತು, ಯಾರಿಂದ ಎಂದೂ ಹೇಳಿತು. ಮೂರು ವರ್ಷ ಇದೇ ಕೋಣೆಯಲ್ಲಿ ಕೂತು ಅವಳು ಕಲಿಸಿದ್ದು ಇದಲ್ಲದೆ ಮತ್ತೇನು? ಒಂಬತ್ತು ವರ್ಷದ ಜಿಪಾರ್ ಗೆರೆಯ ಮುಂದೆ ನಿಂತು ಬಾಯಿ ಬಿಡದೆ ನುಂಗಿದ್ದನ್ನು ಅವಳ ಮಗಳು ನೀರು ಕುಡಿದಷ್ಟು ಸಲೀಸಾಗಿ ಹೇಳಿದ್ದಳು. "ತಪ್ಪು ನಂದು, ಬೆರ್ಮೆತ್. ಎರಡು ವಾರ ನಿಮ್ಮ ಶುಕ್ರವಾರನ ನಾನು ಕಿತ್ಕೊಂಡುಬಿಟ್ಟೆ," ಎಂದಳು. ತಿರುಗಿ ನೋಡಿದಾಗ ಕುನ್ದುಜ್ ಇನ್ನೂ ನಿಂತಿದ್ದಳು. ನಿಂತಲ್ಲೇ ಅವಳು ಬಲಗೈ ಇಳಿಸಿ ಎಡಗೈ ಎತ್ತಿದಳು. ಅದನ್ನು ನೋಡಿ ಅದಿಲೆತ್. ಆಮೇಲೆ ತಮ್ಮನಿಲ್ಲದ ಅಕ್‌ಮಾರಲ್. ಒಂದೊಂದಾಗಿ ಇಡೀ ಸುತ್ತು ಎಡಗೈಗಳಾಯಿತು.

ಸಾಯ್ರಾಗುಲ್ ಎದ್ದು ಗೋಡೆಯ ಪಕ್ಕದ ನಾಲ್ಕು ಕುರ್ಚಿಗಳ ಮುಂದೆ ಹೋಗಿ ನಿಂತಳು. ನೀವು ಇಲ್ಲಿಯವರೆಗೆ ನೋಡಿದ್ದು ನಾನು ಬರೆದುಕೊಟ್ಟ ಮಾತು, ಅದನ್ನು ಮಕ್ಕಳದೆಂದು ಬರೆದುಕೊಳ್ಳಬೇಡಿ ಎಂದಳು. ಹೆಂಗಸರ ಪೆನ್ನು ನಿಂತಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಅಗಾಯ್, ಇವರು ಇನ್ನು ಹೇಳೋದು ನಿಮ್ಮ ಮುಂದೆ ಹೇಳೋದಲ್ಲ. ದಯವಿಟ್ಟು ಹೊರಗೆ ಹೋಗಿ ಕೂತ್ಕೊಳ್ಳಿ," ಎಂದಳು. ಶಾಯ್ಲೋಬೆಕ್ "ಎಜೆಯ್" ಎಂದದ್ದು ಅರ್ಧ ಬೇಡಿಕೆ, ಅರ್ಧ ನರಳಾಟ. ತೆಮಿರ್‌ಕುಲ್ ಅಗಾಯ್ ಅವಳ ಮುಖವನ್ನು ಒಂದು ಕ್ಷಣ ನೋಡಿ, ಪೆನ್ಸಿಲ್ ಜೇಬಿಗೆ ಹಾಕಿ, ಮಂಡಿ ಹಿಡಿದುಕೊಂಡು ಎದ್ದರು. ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋದರು. ಅವಳು ಬಾಗಿಲು ಹಾಕಿದಳು. ಒಳಗೆ ಆಮೇಲೆ ಏನು ಮಾತಾಯಿತೆಂದು ಅವಳು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನಾವೂ ಕೇಳುವ ಹಾಗಿಲ್ಲ. ಗಂಟೆ ಬಾರಿಸಿತು, ಯಾರೂ ಏಳಲಿಲ್ಲ. ಎರಡನೆಯ ಗಂಟೆ ಬಾರಿಸಿದ ಮೇಲೆ ಮಕ್ಕಳು ಹೊರಬಂದರು, ಕೆಲವರ ಕಣ್ಣು ಕೆಂಪಗಿತ್ತು, ಬೆರ್ಮೆತ್ ಹಸಿವು ಎನ್ನುತ್ತಿದ್ದಳು.

ಶಾಲೆಯಿಂದ ತಮ್ಮ ಮನೆಗೆ ಇರುವ ಇನ್ನೂರು ಹೆಜ್ಜೆ ಉದ್ದಕ್ಕೂ ಶಾಯ್ಲೋಬೆಕ್ ಅವಳಿಗೆ ಕೇಳುವಷ್ಟೇ ದನಿಯಲ್ಲಿ ಬೈಯುತ್ತಾ ಬಂದರು. ಅವರೂ ಅವಳ ಶಿಷ್ಯರೇ, ಅದಕ್ಕೇ ಬೈಯುವಾಗಲೂ ಬಹುವಚನ ಬಿಡಲಿಲ್ಲ. ಆಯೋಗವನ್ನು ಕಾರಿಡಾರಿನಲ್ಲಿ ಕೂರಿಸಿದ ಮೊದಲನೆಯ ಶಾಲೆ ನಮ್ಮದೇ, ಮೂರು ವರ್ಷ ನೀವೇ ಬಸ್ಸಿನಲ್ಲಿ ಹೊತ್ತು ತಿರುಗಿದ್ದನ್ನು ನೀವೇ ಮುಳುಗಿಸಿದಿರಿ, ಇನ್ನು ಆ ಗಂಟೆ ಗಣಿತಕ್ಕೇ ಹೋಗುವುದು ಎಂದರು. ಅವಳು ಹೌದು ಎಂದಳು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಲವತ್ತೊಂದು ಶಾಲೆಗಳ ಸಾವಿರಾರು ಮಕ್ಕಳ ಶುಕ್ರವಾರವನ್ನು ಇಪ್ಪತ್ತಾರು ಮಕ್ಕಳ ಒಂದು ಶುಕ್ರವಾರಕ್ಕಾಗಿ ಕಳೆದುಕೊಂಡಿದ್ದಳು. ಮತ್ತೆ ಅದೇ ಗಳಿಗೆ ಬಂದರೂ ಹಾಗೇ ಮಾಡುತ್ತೇನೆಯೇ ಎಂದು ತನ್ನನ್ನೇ ಕೇಳಿಕೊಂಡಳು, ಮಾಡುತ್ತೇನೆ ಎಂಬ ಉತ್ತರ ಎಷ್ಟು ಬೇಗ ಬಂತೆಂದರೆ ಅವಳಿಗೇ ಸ್ವಲ್ಪ ಗಾಬರಿಯಾಯಿತು.

ಊಟದ ಕೋಣೆಯಲ್ಲಿ ಬಾಗಿಲಿನ ನೇರಕ್ಕೆ, ಎಲ್ಲರಿಗಿಂತ ಮೇಲಿನ ಜಾಗದಲ್ಲಿ ತೆಮಿರ್‌ಕುಲ್ ಅಗಾಯ್‌ರನ್ನು ಕೂರಿಸಿದರು. ನೆಲದ ಹಾಸಿನ ತುಂಬ ರೊಟ್ಟಿ, ಬೋರ್ಸೋಕ್, ಒಣದ್ರಾಕ್ಷಿ. ರೊಟ್ಟಿ ಜಿಪಾರಳ ಅಂಗಡಿಯದು. ಬುಟ್ಟಿ ಹೊತ್ತು ತಂದವಳನ್ನು ಹೆಡ್‌ಮಾಸ್ಟರರ ಹೆಂಡತಿ ಹೋಗಗೊಡದೆ ಚಹಾ ಬಗ್ಗಿಸಲು ಕೂರಿಸಿಕೊಂಡಿದ್ದಳು, ಅವಳ ಬೆನ್ನಿಗೆ ಅಂಟಿಕೊಂಡು ಬೆರ್ಮೆತ್ ಮೂರನೆಯ ಬೋರ್ಸೋಕ್ ತಿನ್ನುತ್ತಿದ್ದಳು. ಶಾಲೆಯಲ್ಲಿ ಏನಾಯಿತೆಂದು ಜಿಪಾರಳಿಗೆ ಗೊತ್ತಾಗಿದೆಯೋ ಇಲ್ಲವೋ ಮುಖದಿಂದ ತಿಳಿಯುವಂತಿರಲಿಲ್ಲ. ತೆಮಿರ್‌ಕುಲ್ ಅಗಾಯ್ ಎರಡು ಬಟ್ಟಲು ಚಹಾ ಕುಡಿದು, ಜೇಬಿನಿಂದ ಮಡಿಸಿದ ಹಾಳೆ ತೆಗೆದು ರೊಟ್ಟಿಯ ಪಕ್ಕ ಇಟ್ಟರು. "ಸಾಯ್ರಾ, ನಲವತ್ತು ವರ್ಷದ ಸರ್ವಿಸಲ್ಲಿ ನನ್ನನ್ನ ಕ್ಲಾಸಿಂದ ಆಚೆಗೆ ಹಾಕಿದವಳು ನೀನೊಬ್ಬಳೇ," ಎಂದರು. ಅವಳು ತಲೆ ತಗ್ಗಿಸಲಿಲ್ಲ. ಆತ ಹೇಳುತ್ತಾ ಹೋದರು: ಕಾರಿಡಾರಿನಲ್ಲಿ ಗೋಡೆಯ ಆ ಕಡೆಯಿಂದ ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಒಂದು ದನಿ ನಿಂತ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಯಾರೂ ಯಾರನ್ನೂ ಅಡ್ಡ ಬಾಯಿ ಹಾಕಿ ತಡೆಯಲಿಲ್ಲ. ಇಷ್ಟು ವರ್ಷ ನೋಡಿದ ಪಾಠಗಳಲ್ಲಿ ಇದೊಂದು ಕಾಣದ ಪಾಠವೇ ತಮಗೆ ಪೂರ್ತಿ ಅರ್ಥವಾದದ್ದು. "ನಲವತ್ತೊಂದಕ್ಕೂ ಬರೆದಿದ್ದೀನಿ. ಷರತ್ತುಂಟು. ಆ ಗಂಟೇಲಿ ಅಂಕ ಇಲ್ಲ, ವರದಿ ಇಲ್ಲ, ತೆರೆದ ಪಾಠ ಅನ್ನೋದು ಇಲ್ವೇ ಇಲ್ಲ. ಮಕ್ಕಳ ಸುತ್ತಿಗೆ ಮೊದಲು ಪ್ರತಿ ಶಾಲೇಲೂ ಮೇಷ್ಟ್ರುಗಳು ತಮ್ಮ ತಮ್ಮಲ್ಲೇ ಒಂದು ಸುತ್ತು ಕೂರ್ಬೇಕು. ಶಾಯ್ಲೋಬೆಕ್, ಮೊದಲ ಸ್ಟೂಲು ನಿಂದು." ಕಡತದ ಹೆಂಗಸರಲ್ಲಿ ಹಿರಿಯಳು, ಹಾಗಾದರೆ ನಾವು ಪರಿಶೀಲಿಸುವುದೇನನ್ನು ಎಂದು ಕೇಳಿದಳು. ಬಾಗಿಲು ಹಾಕಿದೆಯೋ ಇಲ್ಲವೋ ಹೊರಗಿನಿಂದ ನೋಡಿ ಬರೆದುಕೊಂಡು ಬಾ ಎಂದರು ಆತ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಶಾಯ್ಲೋಬೆಕ್ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಸಾಯ್ರಾಗುಲ್ ನಗಲಿಲ್ಲ. ಹಾಳೆಯನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದಳು, ಶಾಲೆಗಳ ಹೆಸರುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದಳು, ಆ ಬಸ್ಸುಗಳು, ಆ ಚಳಿ, ಆ ಅಣಕದ ನಗೆಗಳು ಎಲ್ಲ ಬೆರಳ ಕೆಳಗೆ ಹಾದುಹೋದವು. ಗೆದ್ದೆ ಎಂದುಕೊಂಡಳು. ನಾಚಿಕೆಯಿಲ್ಲದೆ ಅಂದುಕೊಂಡಳು.

ಕುರಿಯ ತಲೆ ಬಂತು. ಹೆಡ್‌ಮಾಸ್ಟರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿರಿಯರ ಮುಂದಿಟ್ಟರು. ತೆಮಿರ್‌ಕುಲ್ ಅಗಾಯ್ ಚಾಕು ಒರೆಸಿ ಕಿವಿ ಕೊಯ್ದು ಎತ್ತಿ ಹಿಡಿದು, "ಎಲ್ಲಿ ನಮ್ಮ ಎಡಗೈಯವಳು? ಬಾಮ್ಮಾ, ಕಿವಿ ತಿನ್ನು, ದೊಡ್ಡವರ ಮಾತು ಕೇಳೋವಳಾಗು," ಎಂದರು. ಬೆರ್ಮೆತ್ ಎಣ್ಣೆಗೈ ಒರೆಸಿಕೊಳ್ಳುತ್ತಾ ಎದ್ದಳು.

"ಅವಳಿಗೆ ಬೇಡ ಅಗಾಯ್," ಎಂದಳು ಸಾಯ್ರಾಗುಲ್. "ಅದು ನಂಗೆ ಬೇಕು."

ಯಾರೋ ನಗಲು ಹೊರಟು ನಿಲ್ಲಿಸಿದರು. ಮಗುವಿನ ಪಾಲನ್ನು ದೊಡ್ಡವರು ಕೇಳುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಹೆಡ್‌ಮಾಸ್ಟರರ ಹೆಂಡತಿ, ಉಯಾತ್ ಅಲ್ಲವೇ ಎಜೆಯ್ ಎಂದು ಮೆಲ್ಲಗೆ ಅಂದಳು. ಹಿಡಿದ ಚಾಕುವನ್ನು ಏನು ಮಾಡಬೇಕೆಂದು ತೋಚದೆ ಕೂತಿದ್ದ ಅಗಾಯ್ ಕೈಯಿಂದ ಕಿವಿಯ ತುಂಡನ್ನು ಜಿಪಾರ್ ತೆಗೆದುಕೊಂಡಳು. ಹಾಸಿನ ಆ ತುದಿಯಿಂದ ಮಂಡಿಯ ಮೇಲೆ ಸರಿದು ಬಂದು ಸಾಯ್ರಾಗುಲಳ ಕೈಗೆ ಕೊಟ್ಟಳು. ತಿನ್ನಿ ಎಂದಳು. ಸಾಯ್ರಾಗುಲ್ ಆ ಸೋಮವಾರ ಎಂದು ಶುರುಮಾಡಿದ್ದಳು, ಜಿಪಾರ್ ಅವಳ ಕೈಯನ್ನು ಬಾಯಿಯ ಕಡೆಗೆ ತಳ್ಳಿ, ಮೊದಲು ತಿನ್ನಿ ಎಂದಳು. ಕುರಿಯ ಕಿವಿ ಮೆತ್ತಗಿರುವುದಿಲ್ಲ, ಅಗಿಯಲು ಹೊತ್ತು ಬೇಕು. ಬಾಯಲ್ಲಿ ಅದಿರುವವರೆಗೆ ಮಾತಾಡಲು ಆಗುವುದಿಲ್ಲ. ಸಾಯ್ರಾಗುಲ್ ಅಗಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಜಿಪಾರ್ ಅವಳ ಎದುರು ಕೂತು ತಾನಾಗಿ ಬಾಯಿ ಬಿಟ್ಟಳು.

"ರಿಬ್ಬನ್ ನನ್ನ ಜೇಬಲ್ಲೇ ಇತ್ತು, ಎಜೆಯ್. ಅಮ್ಮ ಇಸ್ತ್ರಿ ಮಾಡಿ ಇಟ್ಟು ಹೋಗಿದ್ಲು. ನಂಗೆ ಕಟ್ಟೋಕೆ ಬರ್ತಿರ್ಲಿಲ್ಲ. ನೀವು ಕೇಳ್ತೀರಿ, ಕೊಡೋಣ, ಕಟ್ತೀರಿ ಅಂತ ಜೇಬೊಳಗೇ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ."

ಸಾಯ್ರಾಗುಲ್ ಅಗಿಯುತ್ತಲೇ ಇದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಜಿಪಾರ್ ಇನ್ನೂ ಹೇಳಿದಳು, ಹೇಳುವುದು ಬಹಳ ಇತ್ತು. ಚಹಾ ಆರಿಹೋಯಿತು. ಆಯೋಗದ ಹಿರಿಯರು ಕುರಿಯ ತಲೆಯನ್ನು ಮುಂದಿಟ್ಟುಕೊಂಡು ಚಾಕು ಆಡಿಸದೆ ಕಾದರು. ಕೊನೆಯಲ್ಲಿ ನುಂಗಿ ಬಾಯಿ ಬರಿದಾದ ಮೇಲೆ ಸಾಯ್ರಾಗುಲ್ ಹೇಳಬೇಕಾದ ಎರಡು ಮಾತನ್ನು ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ, ಆವತ್ತು ಅವಳನ್ನು ಸಾಲಿನ ಎದುರಿಗೆ ನಿಲ್ಲಿಸಿದ್ದು ಎಲ್ಲರ ಎದುರೇ ಆದ್ದರಿಂದ.

ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಅಂಗಡಿಗೆ ಹೋದಾಗ ಮುಂದೆ ಐದು ಜನರಿದ್ದರು. ಜಿಪಾರ್ ತಲೆಯೆತ್ತಿ ಅವಳನ್ನು ಕಂಡಳು, ಕಂಡು ನಕ್ಕಳು, ಮತ್ತೆ ಮೊದಲಿನವನಿಗೆ ರೊಟ್ಟಿ ಸುತ್ತತೊಡಗಿದಳು. ಮುಂದೆ ಬನ್ನಿ ಎನ್ನಲಿಲ್ಲ. ಮುಂದಿದ್ದವರು ಅಭ್ಯಾಸಬಲದಿಂದ ಸರಿಯಲು ನೋಡಿ, ಜಿಪಾರ್ ಕರೆಯದಿರುವುದನ್ನು ಕಂಡು, ಮತ್ತೆ ಸಾಲಿಗೆ ಬಂದರು. ಸಾಯ್ರಾಗುಲ್ ತನ್ನ ಸರದಿಗೆ ಕಾದು, ಆರನೆಯವಳಾಗಿ ರೊಟ್ಟಿ ತೆಗೆದುಕೊಂಡು, ತಲೆಯೆತ್ತಿ ಊರಿನ ನಡುವೆ ನಡೆದು ಮನೆಗೆ ಹೋದಳು.